ಕಟಕಟೆಯಿಂದ ಮಗುವನ್ನು ಇಳಿಸಿ

(ಪೋಷಕರು, ಶಿಕ್ಷಕರು ಮತ್ತು ಮಕ್ಕಳ ಹಕ್ಕುಗಳಿಗಾಗಿ ಕೆಲಸ ಮಾಡುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವ ಮಗುವಿಗೆ ಹೊರಗಿನವರು ಹಾಕುವ ಪ್ರಶ್ನೆಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ನಿನಗೆ ಸ್ನೇಹಿತರಿದ್ದಾರೆಯೇ? ದಿನವಿಡೀ ಮನೆಯಲ್ಲಿದ್ದು ಬೇಸರವಾಗುವುದಿಲ್ಲವೇ? ಹದಿಮೂರರ ಮಗ್ಗಿ ಬರುತ್ತದೆಯೇ? ಶಾಲೆಗೆ ಹೋಗುವ ಮಗುವನ್ನು ಬಸ್ಸಿನಲ್ಲಿ ಪಕ್ಕದ ಸೀಟಿನವರು ಹೀಗೆ ಪರೀಕ್ಷಿಸುವುದಿಲ್ಲ. ಆ ಮಗುವಿಗೆ ಮಗ್ಗಿ ತಪ್ಪಿದರೆ ಅದು ಆ ಮಗುವಿನ ತಪ್ಪು, ಹೆಚ್ಚೆಂದರೆ ಮೇಷ್ಟರ ತಪ್ಪು. ಮನೆಯಲ್ಲಿ ಕಲಿಯುವ ಮಗುವಿಗೆ ತಪ್ಪಿದರೆ ಒಂದು ಇಡೀ ಪದ್ಧತಿಯೇ ಸೋತಂತೆ.

ಇದು ಮಕ್ಕಳಿಗೆ ಬಹಳ ಬೇಗ ಅರ್ಥವಾಗುತ್ತದೆ. ತಾನು ಆಡುವ ಮಾತು ತನ್ನದಷ್ಟೇ ಆಗಿ ಉಳಿಯುವುದಿಲ್ಲ, ಅಪ್ಪ ಅಮ್ಮನ ಪರವಾಗಿಯೋ ವಿರುದ್ಧವಾಗಿಯೋ ದಾಖಲಾಗುತ್ತದೆ ಎಂದು ತಿಳಿದ ಮೇಲೆ ಮಗು ವಕ್ತಾರನಾಗುತ್ತದೆ. ಅದರ ಉತ್ತರಗಳಿಗೆ ಹೊಳಪು ಬರುತ್ತದೆ. "ನನಗೆ ಬೇಕಾದಷ್ಟು ಸ್ನೇಹಿತರಿದ್ದಾರೆ, ನನಗೆ ಇಷ್ಟವಾದದ್ದನ್ನು ಕಲಿಯುತ್ತೇನೆ" ಎಂಬ ವಾಕ್ಯ ಸಿದ್ಧವಾಗಿರುತ್ತದೆ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಬಹಳ ಸಲ ಅದು ನಿಜವೇ. ಆದರೆ ಹೋದ ವಾರ ಒಬ್ಬಳೇ ಕುಳಿತು ಅತ್ತದ್ದೂ ಅಷ್ಟೇ ನಿಜವಾಗಿದ್ದರೆ, ಆ ಎರಡನೆಯ ನಿಜವನ್ನು ಹೇಳಲು ಅದಕ್ಕೆ ಜಾಗವಿಲ್ಲ. ಹೇಳಿದರೆ ಎದುರಿಗಿರುವವರು "ನಾವು ಮೊದಲೇ ಹೇಳಿರಲಿಲ್ಲವೇ" ಎನ್ನುತ್ತಾರೆ. ಶಾಲೆಯ ಮಗು "ನನಗೆ ಶಾಲೆ ಬೇಡ" ಎಂದು ಸೋಮವಾರ ಬೆಳಿಗ್ಗೆ ರಂಪ ಮಾಡಿದರೆ ಯಾರೂ ಶಾಲೆಗಳನ್ನು ಮುಚ್ಚುವ ಮಾತಾಡುವುದಿಲ್ಲ. ಒಂದು ಕೆಟ್ಟ ದಿನವನ್ನು ಕೆಟ್ಟ ದಿನವೆಂದೇ ಹೇಳಿಕೊಳ್ಳುವ ಸ್ವಾತಂತ್ರ್ಯ ಮನೆಶಿಕ್ಷಣದ ಮಗುವಿಗೆ ಇಲ್ಲ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ ಇದೆ.

ಮಗುವಿನ ಅಭಿಪ್ರಾಯವನ್ನು ಕೇಳಬೇಕೆಂದು ಎಲ್ಲರೂ ಹೇಳುತ್ತಾರೆ, ಹೋಮ್‌ಸ್ಕೂಲಿಂಗ್ ಮಾಡುವವರೂ, ಅದನ್ನು ವಿರೋಧಿಸುವವರೂ. ಆದರೆ ಇಬ್ಬರೂ ಕೇಳುವುದು ಸಾಕ್ಷಿಯನ್ನು. ತಮ್ಮ ಮೊಲಕ್ಕೆ ಮೂರೇ ಕಾಲು ಎಂದು ಮಗುವಿನ ಬಾಯಲ್ಲಿ ಹೇಳಿಸುವ ಉತ್ಸಾಹ ಎರಡೂ ಕಡೆ ಇದೆ.

ಎರಡು ನ್ಯಾಯಾಲಯಗಳ ಕಥೆ ಹೇಳುತ್ತೇನೆ. ಮೊದಲನೆಯದು 1972ರದು, ಅಮೆರಿಕದ ಸುಪ್ರೀಂ ಕೋರ್ಟಿನ ವಿಸ್ಕಾನ್ಸಿನ್ ವಿರುದ್ಧ ಯೋಡರ್ ಪ್ರಕರಣ. ಆಧುನಿಕ ಬದುಕಿನಿಂದ ದೂರವಿರುವ ಅಮಿಶ್ ಎಂಬ ಕ್ರೈಸ್ತ ಸಮುದಾಯದ ಪೋಷಕರು ಎಂಟನೆಯ ತರಗತಿಯ ನಂತರ ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. ಮುಂದಿನ ಕಲಿಕೆ ಹೊಲದಲ್ಲಿ, ಮನೆಯಲ್ಲಿ, ಸಮುದಾಯದೊಳಗೆ ನಡೆಯಬೇಕೆಂಬುದು ಅವರ ನಂಬಿಕೆ. ರಾಜ್ಯದ ಕಾನೂನು 16ರವರೆಗೆ ಶಾಲೆ ಕಡ್ಡಾಯ ಎನ್ನುತ್ತಿತ್ತು. ತಲಾ ಐದು ಡಾಲರ್ ದಂಡ ಬಿತ್ತು. ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಗಿ ಪೋಷಕರು ಗೆದ್ದರು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಭಾಗಶಃ ಭಿನ್ನಮತ ಬರೆದರು. ಮೂರು ಮಕ್ಕಳಲ್ಲಿ ಒಬ್ಬಳು ಮಾತ್ರ ನ್ಯಾಯಾಲಯದಲ್ಲಿ ತನ್ನ ನಿಲುವು ಹೇಳಿದ್ದಾಳೆ. ಉಳಿದಿಬ್ಬರನ್ನು ಯಾರು ಕೇಳಿದರು? ಇದು ಅವರ ಪ್ರಶ್ನೆ. ಪಣಕ್ಕೆ ಬಿದ್ದಿರುವುದು ಪೋಷಕರ ಭವಿಷ್ಯವಲ್ಲ, ವಿದ್ಯಾರ್ಥಿಯ ಭವಿಷ್ಯ ಎಂದೂ ಬರೆದರು. ಬಹುಮತದವರ ಉತ್ತರ ಸರಳವಾಗಿತ್ತು: ಮಕ್ಕಳು ಈ ಪ್ರಕರಣದ ಕಕ್ಷಿದಾರರಲ್ಲ, ಪೋಷಕರ ಇಚ್ಛೆಗೆ ಅವರ ವಿರೋಧವಿದೆ ಎಂದು ದಾಖಲೆಯಲ್ಲಿ ಎಲ್ಲಿಯೂ ಇಲ್ಲ. ಇರುವುದಾದರೂ ಹೇಗೆ? ಕೇಳಿದ್ದರೆ ತಾನೇ ದಾಖಲೆಗೆ ಬರುವುದು.

ಎರಡನೆಯದು 2006ರದು, ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ತೀರ್ಮಾನವಾದ ಕೊನ್ರಾಡ್ ವಿರುದ್ಧ ಜರ್ಮನಿ ಪ್ರಕರಣ. ಜರ್ಮನಿಯಲ್ಲಿ ಶಾಲಾ ಹಾಜರಾತಿ ಕಡ್ಡಾಯ, ಮನೆಶಿಕ್ಷಣಕ್ಕೆ ಅವಕಾಶ ಇಲ್ಲವೆನ್ನುವಷ್ಟು ಕಡಿಮೆ. ಧಾರ್ಮಿಕ ಕಾರಣಕ್ಕೆ ವಿನಾಯಿತಿ ಕೇಳಿದ ಕುಟುಂಬದ ಅರ್ಜಿಯನ್ನು ನ್ಯಾಯಾಲಯ ತಳ್ಳಿಹಾಕಿತು. ಅರ್ಜಿದಾರರಲ್ಲಿ ಮಕ್ಕಳೂ ಇದ್ದರು. ಅವರ ಬಗ್ಗೆ ನ್ಯಾಯಾಲಯ ಹೇಳಿದ್ದು, ಮನೆಶಿಕ್ಷಣವನ್ನು ಆರಿಸಿಕೊಂಡ ಪೋಷಕರ ನಿರ್ಧಾರದ ಪರಿಣಾಮವನ್ನು ಇಷ್ಟು ಚಿಕ್ಕ ವಯಸ್ಸಿನಲ್ಲಿ ಅವರು ಊಹಿಸಲಾರರು ಎಂದು. ಇರಬಹುದು. ಶಾಲೆಗೆ ಹೋಗುವುದರ ಪರಿಣಾಮವನ್ನು ಅದೇ ವಯಸ್ಸಿನ ಮಗು ಊಹಿಸಬಲ್ಲದೇ ಎಂಬ ಪ್ರಶ್ನೆ ಮಾತ್ರ ಅಲ್ಲಿ ಏಳಲಿಲ್ಲ.

ಒಂದು ಕಡೆ ಪೋಷಕರು ಗೆದ್ದರು, ಇನ್ನೊಂದು ಕಡೆ ಸರ್ಕಾರ ಗೆದ್ದಿತು. ಮಗುವಿನ ಮಾತು ಎರಡೂ ತೀರ್ಪುಗಳಲ್ಲಿ ಅಂಚಿಗೇ ಉಳಿಯಿತು.

ಈ ಎರಡು ಪ್ರಕರಣಗಳ ನಡುವೆ ಒಂದು ದೊಡ್ಡ ಘಟನೆ ನಡೆದುಹೋಗಿತ್ತು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 26ನೆಯ ವಿಧಿ, ಮಕ್ಕಳಿಗೆ ಯಾವ ಬಗೆಯ ಶಿಕ್ಷಣ ಬೇಕೆಂದು ಆರಿಸುವ ಮೊದಲ ಹಕ್ಕು ಪೋಷಕರದು ಎಂದಿತ್ತು. ಅಲ್ಲಿ ಮಗು ಶಿಕ್ಷಣ ಪಡೆಯುವ ಜೀವ, ಅಷ್ಟೇ. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಆ ಚಿತ್ರಕ್ಕೆ ಮಗುವಿನ ಬಾಯನ್ನು ಸೇರಿಸಿತು. ಸ್ವಂತ ಅಭಿಪ್ರಾಯ ರೂಪಿಸಿಕೊಳ್ಳಬಲ್ಲ ಪ್ರತಿ ಮಗುವಿಗೂ ತನಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ಅದನ್ನು ಮುಕ್ತವಾಗಿ ಹೇಳುವ ಹಕ್ಕಿದೆ. ವಯಸ್ಸಿಗೂ ಪ್ರಬುದ್ಧತೆಗೂ ತಕ್ಕ ತೂಕವನ್ನು ಆ ಮಾತಿಗೆ ಕೊಡಬೇಕು. ಭಾರತ 1992ರಲ್ಲಿ ಇದಕ್ಕೆ ಸೇರಿತು. ಲಕ್ಷಾಂತರ ಮಕ್ಕಳು ಮನೆಯಲ್ಲಿ ಕಲಿಯುವ ಅಮೆರಿಕ ಸಹಿ ಹಾಕಿದೆ, ಇಂದಿಗೂ ಸ್ಥಿರೀಕರಿಸಿಲ್ಲ. ಅಲ್ಲಿ ಒಡಂಬಡಿಕೆಯನ್ನು ವಿರೋಧಿಸುವವರ ಸಾಲಿನಲ್ಲಿ ಮನೆಶಿಕ್ಷಣದ ಸಂಘಟನೆಗಳೂ ಇವೆ. ಮಗುವಿನ ದನಿಯ ನೆಪದಲ್ಲಿ ಸರ್ಕಾರ ಮನೆಯೊಳಗೆ ಕಾಲಿಡುತ್ತದೆ ಎಂಬುದು ಅವರ ಭಯ. ಆ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

12ನೆಯ ವಿಧಿಯನ್ನು ಎಲ್ಲರೂ ಉದ್ಧರಿಸುತ್ತಾರೆ. ಅದನ್ನು ವಿವರಿಸಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2009ರಲ್ಲಿ ಹೊರಡಿಸಿದ 12ನೆಯ ಸಾಮಾನ್ಯ ವ್ಯಾಖ್ಯಾನವನ್ನು ಓದಿದವರು ಕಡಿಮೆ. ಅದು ಇನ್ನೂ ಸೂಕ್ಷ್ಮವಾದ ದಾಖಲೆ. ಅದರ ಪ್ರಕಾರ ಮಾತು ಬರುವ ಮುಂಚೆಯೂ ಮಗುವಿಗೆ ಅಭಿಪ್ರಾಯವಿರುತ್ತದೆ. ಆಟ, ಮುಖಭಾವ, ಚಿತ್ರ ಇವೆಲ್ಲ ಅಭಿವ್ಯಕ್ತಿಯೇ. ಇದಕ್ಕೆ ಕನಿಷ್ಠ ವಯಸ್ಸು ನಿಗದಿ ಮಾಡುವುದು ಸರಿಯಲ್ಲ. ಮಗುವನ್ನು ಕೇಳುವುದು ಮಾತುಕತೆಯ ಹಾಗಿರಬೇಕು, ಒಬ್ಬರೇ ಪ್ರಶ್ನಿಸುವ ವಿಚಾರಣೆಯ ಹಾಗಲ್ಲ. ಕೇಳಿದ ಮೇಲೆ ಏನು ತೀರ್ಮಾನವಾಯಿತು, ನಿನ್ನ ಮಾತನ್ನು ಹೇಗೆ ಪರಿಗಣಿಸಿದೆವು ಎಂದು ಮಗುವಿಗೆ ತಿರುಗಿ ಹೇಳಬೇಕು. ಮತ್ತೆ, ನನಗೆ ಬಹಳ ಮುಖ್ಯವೆನಿಸುವ ಸಾಲು: ಅಭಿಪ್ರಾಯ ಹೇಳುವುದು ಮಗುವಿನ ಆಯ್ಕೆ, ಕರ್ತವ್ಯವಲ್ಲ. ಹೇಳದೇ ಇರುವುದೂ ಅದರ ಹಕ್ಕು. ಮೌನವಾಗಿ ಕುಳಿತ ಮಗುವನ್ನು ನೋಡಿ "ಏನನ್ನೋ ಮುಚ್ಚಿಡುತ್ತಿದೆ" ಎಂದು ಟಿಪ್ಪಣಿ ಬರೆಯುವವರು ಈ ಸಾಲನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಇನ್ನು ಕೇಳುವ ಕಸುಬಿಗೆ ಬರೋಣ. ಮಕ್ಕಳನ್ನು ಕೇಳುವುದು ಸುಲಭವೆಂದು ನಂಬಿದವರಿಗೆ ಒಂದು ಹಳೆಯ ಪ್ರಯೋಗವನ್ನು ನೆನಪಿಸುತ್ತೇನೆ. 1980ರಲ್ಲಿ ಮಾರ್ಟಿನ್ ಹ್ಯೂಸ್ ಮತ್ತು ರಾಬರ್ಟ್ ಗ್ರೀವ್ ಎಂಬ ಮನೋವಿಜ್ಞಾನಿಗಳು ಐದು ಮತ್ತು ಏಳು ವರ್ಷದ ಮಕ್ಕಳಿಗೆ ಅರ್ಥವಿಲ್ಲದ ಪ್ರಶ್ನೆಗಳನ್ನು ಹಾಕಿದರು. ಹಾಲು ನೀರಿಗಿಂತ ದೊಡ್ಡದೇ? ಕೆಂಪು ಹಳದಿಗಿಂತ ಭಾರವೇ? ಮಕ್ಕಳು "ಇದೆಂಥ ಪ್ರಶ್ನೆ" ಎನ್ನಲಿಲ್ಲ. ಹೆಚ್ಚುಕಡಿಮೆ ಎಲ್ಲರೂ ಉತ್ತರ ಕೊಟ್ಟರು. ದೊಡ್ಡವರು ಕೇಳಿದ್ದಾರೆ ಎಂದ ಮೇಲೆ ಉತ್ತರ ಇರಲೇಬೇಕು ಎಂಬುದು ಮಕ್ಕಳ ನಂಬಿಕೆ. ಅದಕ್ಕೂ ಆರು ವರ್ಷ ಮುಂಚೆ, 1974ರಲ್ಲಿ, ಸುಸಾನ್ ರೋಸ್ ಮತ್ತು ಮೇರಿಯನ್ ಬ್ಲಾಂಕ್ ಇನ್ನೊಂದನ್ನು ತೋರಿಸಿದ್ದರು. ಮಕ್ಕಳ ಯೋಚನೆಯ ಬೆಳವಣಿಗೆಯನ್ನು ಅಳೆಯಲು ಮನೋವಿಜ್ಞಾನಿ ಪಿಯಾಜೆ ರೂಪಿಸಿದ ಮಾದರಿಯ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುವ ಬದಲು ಒಮ್ಮೆ ಮಾತ್ರ ಕೇಳಿದರೆ ಮಕ್ಕಳು ಕಡಿಮೆ ತಪ್ಪು ಮಾಡುತ್ತಾರೆ. ಎರಡನೆಯ ಸಲ ಅದನ್ನೇ ಕೇಳಿದರೆ ಮಗು ಓದಿಕೊಳ್ಳುವುದು ಹೀಗೆ: ಮೊದಲ ಉತ್ತರ ಇವರಿಗೆ ಒಪ್ಪಿಗೆಯಾಗಲಿಲ್ಲ.

"ನಿಜವಾಗಿಯೂ ನಿನಗೆ ಶಾಲೆಗೆ ಹೋಗಬೇಕೆನಿಸುವುದಿಲ್ಲವೇ?" ಎಂಬ ಪ್ರಶ್ನೆಯನ್ನು ಈಗ ಮತ್ತೊಮ್ಮೆ ಕೇಳಿಸಿಕೊಳ್ಳಿ. ಆ "ನಿಜವಾಗಿಯೂ" ಎಂಬುದರಲ್ಲಿಯೇ ಉತ್ತರ ಅಡಗಿದೆ. "ನಮ್ಮ ಮನೆಶಾಲೆ ನಿನಗೆ ಇಷ್ಟ ತಾನೇ?" ಎಂಬ ತಾಯಿಯ ಪ್ರಶ್ನೆಯಲ್ಲಿಯೂ ಅಷ್ಟೇ.

ಎಲ್ಲಿ ಕೇಳುತ್ತೇವೆ ಎಂಬುದೂ ಉತ್ತರವನ್ನು ಬದಲಿಸುತ್ತದೆ. ಅದೇ ಮಾರ್ಟಿನ್ ಹ್ಯೂಸ್, ಬಾರ್ಬರಾ ಟಿಝಾರ್ಡ್ ಜೊತೆಗೂಡಿ ನಾಲ್ಕು ವರ್ಷದ 30 ಹೆಣ್ಣುಮಕ್ಕಳ ಮಾತನ್ನು ಮನೆಯಲ್ಲಿ ತಾಯಿಯೊಂದಿಗೆ, ಶಿಶುವಿಹಾರದಲ್ಲಿ ಶಿಕ್ಷಕಿಯರೊಂದಿಗೆ ಧ್ವನಿಮುದ್ರಿಸಿ ಹೋಲಿಸಿದರು. 1984ರಲ್ಲಿ ಪ್ರಕಟವಾದ ಈ ಅಧ್ಯಯನ ಅಂದಿನ ಶಿಕ್ಷಣತಜ್ಞರಿಗೆ ಇರುಸುಮುರುಸು ತಂದಿತು. ಮನೆಯಲ್ಲಿ ಒಂದರ ಮೇಲೊಂದು ಪ್ರಶ್ನೆ ಕೇಳುತ್ತಿದ್ದ, ವಾದಿಸುತ್ತಿದ್ದ, ತಾಯಿಯ ಉತ್ತರದಲ್ಲಿ ಸಂದು ಹುಡುಕುತ್ತಿದ್ದ ಮಗು ಶಿಶುವಿಹಾರದಲ್ಲಿ ಒಂದೆರಡು ಪದಗಳ ಉತ್ತರಕ್ಕೆ ಇಳಿಯುತ್ತಿತ್ತು. ಅಲ್ಲಿನ ಸಿಬ್ಬಂದಿ ಕಂಡದ್ದು ಆ ಎರಡನೆಯ ಮಗುವನ್ನು ಮಾತ್ರ. ಮನೆಶಿಕ್ಷಣದ ಕಡೆಯವರು ಇದನ್ನು ತಮ್ಮ ವಿಜಯಪತ್ರವೆಂದು ಬೀಸುವುದುಂಟು. ನಾನು ಇದರಿಂದ ತೆಗೆದುಕೊಳ್ಳುವುದು ಬೇರೆ: ಕಚೇರಿಯ ಕುರ್ಚಿಯಲ್ಲಿ ಅರ್ಧ ಗಂಟೆ ಕುಳಿತ ಮಗುವಿನಿಂದ ಬಂದದ್ದು ಆ ಅರ್ಧ ಗಂಟೆಯ ಮಗುವಿನ ಅಭಿಪ್ರಾಯ.

ಹಾಗಾದರೆ ಮನೆಯೇ ಸೂಕ್ತ ಜಾಗವೇ? ಇಲ್ಲಿಯೇ ನನ್ನ ದೊಡ್ಡ ಅನುಮಾನವಿರುವುದು. ಶಾಲೆಯ ಮಗುವಿಗೆ ಎರಡು ಲೋಕಗಳಿವೆ. ಗಣಿತದ ಮೇಷ್ಟರ ಮೇಲೆ ಸಿಟ್ಟು ಬಂದರೆ ಮನೆಗೆ ಬಂದು ಅಮ್ಮನ ಮುಂದೆ ಬೈದುಕೊಳ್ಳಬಹುದು. ಮನೆಯಲ್ಲಿ ಜಗಳವಾದರೆ ಶಾಲೆಯ ಗೆಳತಿಯ ಹತ್ತಿರ ಗೊಣಗಬಹುದು. ಒಂದು ಲೋಕದ ದೂರನ್ನು ಇನ್ನೊಂದು ಲೋಕ ಹೊತ್ತುಕೊಳ್ಳುತ್ತದೆ. ತಾಯಿಯೇ ಗಣಿತ ಹೇಳಿಕೊಡುವ ಮನೆಯಲ್ಲಿ ಗಣಿತದ ಮೇಲಿನ ದೂರು ತಾಯಿಯ ಮೇಲಿನ ದೂರಾಗುತ್ತದೆ. ಅದರಲ್ಲಿಯೂ ತನಗಾಗಿ ಅಮ್ಮ ಕೆಲಸ ಬಿಟ್ಟಿದ್ದಾಳೆ, ಅಪ್ಪ ಊರೆಲ್ಲರ ಮಾತು ಕೇಳಿಸಿಕೊಂಡಿದ್ದಾನೆ ಎಂದು ಗೊತ್ತಿರುವ ಮಗುವಿಗೆ "ನನಗೆ ಇದು ಸಾಕು" ಎಂಬ ಮಾತು ಗಂಟಲಲ್ಲೇ ನಿಲ್ಲುತ್ತದೆ. ತ್ಯಾಗ ಮಾಡಿದವರ ಎದುರು ದೂರುವುದು ದೊಡ್ಡವರಿಗೇ ಕಷ್ಟ. ಆ ತ್ಯಾಗವನ್ನು ದಿನಕ್ಕೊಮ್ಮೆ ಮಗುವಿನ ಕಿವಿಗೆ ಹಾಕುವ ಪೋಷಕರಿದ್ದಾರೆ. ಅಂಥವರು ಮಗುವಿನ ಬಾಯಿಗೆ ಬೀಗ ಹಾಕಿ, ಅದು ದೂರುವುದೇ ಇಲ್ಲ ಎಂದು ಹಿಗ್ಗುತ್ತಾರೆ.

ಆದ್ದರಿಂದ ಮನೆಯಲ್ಲಿ ಕಲಿಯುವ ಪ್ರತಿ ಮಗುವಿಗೂ ಮೂರನೆಯ ಕಿವಿ ಬೇಕು ಎಂದು ನಾನು ನಂಬುತ್ತೇನೆ. ಪಾಠ ಮಾಡದ, ಪ್ರಮಾಣಪತ್ರ ಕೊಡದ, ಪೋಷಕರ ಆಯ್ಕೆ ಸರಿಯೋ ತಪ್ಪೋ ಎಂಬುದರಲ್ಲಿ ಏನೂ ಕಳೆದುಕೊಳ್ಳದ ಒಬ್ಬ ದೊಡ್ಡವರು. ಅತ್ತೆಯಾಗಲಿ, ಈಜು ಕಲಿಸುವವರಾಗಲಿ, ಗ್ರಂಥಾಲಯದವರಾಗಲಿ, ಆ ವ್ಯಕ್ತಿಯನ್ನು ಮಗುವೇ ಆರಿಸಬೇಕು. ಅಲ್ಲಿ ಆಡಿದ ಮಾತು ಸಂಜೆಯೊಳಗೆ ಅಡುಗೆಮನೆಗೆ ತಲುಪುವುದಿಲ್ಲ ಎಂಬ ಖಾತರಿ ಬೇಕು. ಮಗುವಿನ ಸುರಕ್ಷತೆಗೆ ಅಪಾಯವಿದ್ದರೆ ಮಾತ್ರ ಆ ಖಾತರಿ ಮುರಿಯುತ್ತದೆ, ಅದನ್ನೂ ಮಗುವಿಗೆ ಮುಂಚೆಯೇ ಹೇಳಿರಬೇಕು.

ಇನ್ನು ಸರ್ಕಾರದ ಕಿವಿ. 2009ರ ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿ ಗ್ರಹಾಂ ಬ್ಯಾಡ್‌ಮನ್ ಮನೆಶಿಕ್ಷಣದ ಕುರಿತು ಸರ್ಕಾರಕ್ಕೆ ವರದಿ ಕೊಟ್ಟರು. 12ನೆಯ ವಿಧಿಯನ್ನೇ ಮುಂದಿಟ್ಟುಕೊಂಡು, ಅಧಿಕಾರಿಗಳಿಗೆ ಮನೆಯೊಳಗೆ ಪ್ರವೇಶಿಸುವ, ಅಗತ್ಯ ಕಂಡರೆ ಮಗುವಿನೊಡನೆ ಒಂಟಿಯಾಗಿ ಮಾತನಾಡುವ ಹಕ್ಕಿರಬೇಕೆಂದರು. ಮನೆಶಿಕ್ಷಣದ ಕುಟುಂಬಗಳು ಸಿಡಿದೆದ್ದವು. ಮರುವರ್ಷದ ಚುನಾವಣೆಯ ಹೊಸ್ತಿಲಲ್ಲಿ ವರದಿಯ ಬೆನ್ನಿಗೆ ಸರ್ಕಾರ ತಂದಿದ್ದ ಮಸೂದೆಯಿಂದ ಮನೆಶಿಕ್ಷಣದ ಭಾಗವನ್ನೇ ಕೈಬಿಡಲಾಯಿತು. ಆ ಜಗಳದಲ್ಲಿ ಎರಡೂ ಕಡೆ ಸ್ವಲ್ಪ ಸತ್ಯವಿತ್ತು. ಮನೆಯೊಳಗೆ ನರಳುವ ಮಗುವನ್ನು ಹೊರಗಿನ ಯಾರೂ ನೋಡದಿದ್ದರೆ ಅದರ ಗತಿಯೇನು ಎಂಬುದು ನಿಜವಾದ ಪ್ರಶ್ನೆ. ಆದರೆ ಅಪಾಯವನ್ನು ಪತ್ತೆ ಹಚ್ಚುವುದು ಒಂದು ಕೆಲಸ, ಅಭಿಪ್ರಾಯ ಕೇಳುವುದು ಇನ್ನೊಂದು. ಎರಡನ್ನೂ ಒಂದೇ ಭೇಟಿಯಲ್ಲಿ, ಒಬ್ಬರೇ ಅಧಿಕಾರಿ, ಒಂದೇ ನಮೂನೆಯಲ್ಲಿ ಮಾಡಿದರೆ ಎರಡೂ ಕೆಡುತ್ತವೆ. ತಾನು ಹೇಳುವ ಒಂದು ತಪ್ಪು ಮಾತಿಗೆ ತನ್ನ ಬದುಕಿನ ರೀತಿಯೇ ಬದಲಾಗಬಹುದು ಎಂದು ಅರಿತ ಮಗು, ಮೆಲುದನಿಯ ಅಧಿಕಾರಿಯ ಮುಂದೆಯೂ ವಕೀಲನಂತೆ ಮಾತಾಡುತ್ತದೆ. ನಾನು ಆ ಮಗುವಾಗಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ.

ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಲಾರಾ ಲಂಡಿ 2007ರಲ್ಲಿ 12ನೆಯ ವಿಧಿಯನ್ನು ನಾಲ್ಕಾಗಿ ಬಿಡಿಸಿ ತೋರಿಸಿದರು: ಹೇಳಲು ಅವಕಾಶ, ಹೇಳುವ ದನಿ, ಕೇಳುವ ಕಿವಿ, ಹೇಳಿದ್ದರಿಂದ ಆಗುವ ಪರಿಣಾಮ. ಮೊದಲ ಎರಡನ್ನು ಕೊಟ್ಟು ಕೈತೊಳೆದುಕೊಳ್ಳುವುದು ನಮ್ಮೆಲ್ಲರ ಅಭ್ಯಾಸ. ಅದಕ್ಕೂ ಮುಂಚೆ 1992ರಲ್ಲಿ ಯುನಿಸೆಫ್‌ಗಾಗಿ ರೋಜರ್ ಹಾರ್ಟ್ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿದ್ದರು. ಕೆಳಗಿನ ಮೂರು ಮೆಟ್ಟಿಲುಗಳಿಗೆ, ಅಂದರೆ ಬಳಸಿಕೊಳ್ಳುವುದು, ಅಲಂಕಾರಕ್ಕಿಡುವುದು, ತೋರಿಕೆಗೆ ಕೇಳುವುದು ಇವುಗಳಿಗೆ, ಭಾಗವಹಿಸುವಿಕೆ ಎಂಬ ಹೆಸರೇ ಸಲ್ಲದು ಎಂದರು. ಹೋಮ್‌ಸ್ಕೂಲಿಂಗ್ ಸಮಾವೇಶಗಳಲ್ಲಿ ಅಚ್ಚುಕಟ್ಟಾಗಿ ಮಾತಾಡುವ ಹನ್ನೆರಡು ವರ್ಷದವರನ್ನು ವೇದಿಕೆಗೆ ಹತ್ತಿಸುವಾಗ ನನಗೆ ಆ ಎರಡನೆಯ ಮೆಟ್ಟಿಲು ನೆನಪಾಗುತ್ತದೆ. ಚಪ್ಪಾಳೆ ಜೋರಾಗಿಯೇ ಬೀಳುತ್ತದೆ. ತಡವಾಗಿ ಓದಲು ಕಲಿತ, ಜನರ ಮುಂದೆ ತೊದಲುವ, ಇನ್ನೂ ಏನೂ ನಿರ್ಧರಿಸದ ಮಗುವಿಗೆ ಆ ವೇದಿಕೆಯಲ್ಲಿ ಯಾವತ್ತು ಸರದಿ ಬರುತ್ತದೆ?

ಮಕ್ಕಳು ಬರೆದದ್ದನ್ನೇ ಅಚ್ಚು ಹಾಕುವ ಧೈರ್ಯ ಹಿಂದೆ ಒಬ್ಬರಿಗೆ ಇತ್ತು. ಪೋಲೆಂಡಿನ ವಾರ್ಸಾದಲ್ಲಿ ಅನಾಥಾಲಯ ನಡೆಸುತ್ತಿದ್ದ ವೈದ್ಯ ಯಾನುಷ್ ಕೋರ್ಚಾಕ್ 1926ರಲ್ಲಿ ಆರಂಭಿಸಿದ ಮಕ್ಕಳ ವಾರಪತ್ರಿಕೆ 1939ರವರೆಗೆ ದಿನಪತ್ರಿಕೆಯೊಂದರ ಪುರವಣಿಯಾಗಿ ಬಂತು. ಬರೆಯುತ್ತಿದ್ದವರು ಮಕ್ಕಳು ಮತ್ತು ಹದಿಹರೆಯದವರು. ಅವರ ಅನಾಥಾಲಯದಲ್ಲಿ ಮಕ್ಕಳದೇ ನ್ಯಾಯಾಲಯವಿತ್ತು, ದೊಡ್ಡವರ ಮೇಲೂ ಅಲ್ಲಿ ದೂರು ಕೊಡಬಹುದಿತ್ತು. ಮಕ್ಕಳ ಹಕ್ಕುಗಳ ಒಡಂಬಡಿಕೆಯ ಪ್ರಸ್ತಾವವನ್ನು 1978ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟದ್ದೂ ಪೋಲೆಂಡ್ ದೇಶವೇ.

ಕೇಳುವುದಾದರೆ ಏನನ್ನು ಕೇಳಬೇಕು? "ಶಾಲೆಯೋ ಮನೆಯೋ" ಎಂಬ ಮಹಾಪ್ರಶ್ನೆಯನ್ನು ಪಕ್ಕಕ್ಕಿಡಿ ಎಂಬುದು ನನ್ನ ಸಲಹೆ. ಅದು ದೊಡ್ಡವರ ಜಗಳ, ಮಗುವಿನ ದಿನಗಳು ಅದರಲ್ಲಿ ಕಾಣಿಸುವುದಿಲ್ಲ. ಸಣ್ಣದನ್ನು ಕೇಳಿ. ನಿನ್ನೆ ಯಾವ ಹೊತ್ತು ಉದ್ದವೆನಿಸಿತು? ತಂಗಿ ಯಾವಾಗಲೂ ಜೊತೆಗಿರುವುದು ಹೇಗನಿಸುತ್ತದೆ? ಯಾರ ಕಣ್ಣಿಗೂ ಬೀಳದೆ ಏನನ್ನಾದರೂ ಮಾಡಲು ನಿನಗೆ ಜಾಗ ಇದೆಯೇ? ಯಾವುದನ್ನು ಕಲಿಯಲು ನಮ್ಮನ್ನು ಬಿಟ್ಟು ಬೇರೆಯವರು ಬೇಕು? ಇಂಥ ಪ್ರಶ್ನೆಗಳಿಗೆ ಸಿಗುವ ಉತ್ತರ ಯಾವ ಪಕ್ಷಕ್ಕೂ ಸಾಕ್ಷಿಯಾಗಿ ಬಳಕೆಯಾಗುವುದಿಲ್ಲ. ಅದೇ ಅದರ ಬೆಲೆ.

ಒಮ್ಮೆ ಸಿಕ್ಕ ಉತ್ತರವನ್ನು ಕಲ್ಲಿನಲ್ಲಿ ಕೆತ್ತಬೇಡಿ. ಎಂಟು ವರ್ಷಕ್ಕೆ ಮನೆಯೇ ಸಾಕೆಂದ ಮಗುವಿಗೆ ಹದಿಮೂರಕ್ಕೆ ಪ್ರಯೋಗಾಲಯ, ತಂಡ, ಜೊತೆಯವರು ಬೇಕೆನಿಸಬಹುದು. ಶಾಲೆಯಲ್ಲಿ ಕಿರುಕುಳ ಅನುಭವಿಸಿ ಮನೆಗೆ ಬಂದ ಮಗುವಿಗೆ ಎರಡು ವರ್ಷ ಯಾರೂ ಏನನ್ನೂ ಕೇಳದಿರುವುದೇ ಬೇಕಾಗಿರಬಹುದು. ಮೊದಲನೆಯದು ಮನೆಶಿಕ್ಷಣದ ಸೋಲಲ್ಲ, ಎರಡನೆಯದು ಶಾಲೆಯ ಮೇಲಿನ ಅಂತಿಮ ತೀರ್ಪಲ್ಲ.

ಇಲ್ಲಿ ಶಿಕ್ಷಕರಿದ್ದೀರಿ, ನಿಮಗೂ ಒಂದು ಮಾತು. 12ನೆಯ ವಿಧಿ ಮನೆಶಿಕ್ಷಣದ ಮಕ್ಕಳಿಗೆ ಮಾತ್ರ ಬರೆದದ್ದಲ್ಲ. ಶಾಲೆಗೆ ಸೇರಿಸುವ ಮುಂಚೆ ಮಗುವನ್ನು ಕೇಳಿದ ಪೋಷಕರು ಎಷ್ಟು ಮಂದಿ? ಪ್ರವೇಶದ ಅರ್ಜಿಯಲ್ಲಿ ಮಗುವಿನ ಅಭಿಪ್ರಾಯಕ್ಕೆ ಒಂದು ಅಂಕಣವನ್ನು ನಾನು ಈವರೆಗೆ ನೋಡಿಲ್ಲ.

ಸಭೆಯಲ್ಲಿ ಒಬ್ಬ ತಂದೆ ಕೇಳಿದರು: ಏಳು ವರ್ಷದ ಮಗ ಶಾಲೆಗೆ ಹೋಗುತ್ತೇನೆ ಎನ್ನುತ್ತಾನೆ, ಕಾರಣ ಕೇಳಿದರೆ ಹಳದಿ ಬಸ್ಸು ಎನ್ನುತ್ತಾನೆ, ಇದಕ್ಕೂ ತೂಕ ಕೊಡಬೇಕೇ? ಕೊಡಬೇಕು. ತೂಕ ಕೊಡುವುದೆಂದರೆ ಅದನ್ನೇ ಆದೇಶವೆಂದು ಪಾಲಿಸುವುದಲ್ಲ. ಬಸ್ಸಿನಲ್ಲಿ ಅವನು ನೋಡುತ್ತಿರುವುದೇನು ಎಂದು ತಿಳಿಯಬೇಕು. ಬಸ್ಸೇ ಆಗಿದ್ದರೆ ವಾರಕ್ಕೊಮ್ಮೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ. ಬಸ್ಸಿನೊಳಗಿನ ಇಪ್ಪತ್ತು ಮಕ್ಕಳಾಗಿದ್ದರೆ ಅದು ಬೇರೆ ವಿಷಯ; ಆಗ ನಿಮ್ಮ ವಾರದ ವೇಳಾಪಟ್ಟಿ ಬದಲಾಗಬೇಕು, ಬಹುಶಃ ಶಾಲೆಯನ್ನೂ ಒಮ್ಮೆ ನೋಡಿ ಬರಬೇಕು. ಯಾವ ತೀರ್ಮಾನಕ್ಕೆ ಬಂದರೂ ಏಕೆಂದು ಅವನಿಗೆ ಅರ್ಥವಾಗುವ ಹಾಗೆ ಹೇಳಿ.

ಇನ್ನೊಬ್ಬರು ತಪಾಸಣಾಧಿಕಾರಿಯಾಗಿದ್ದವರು. ಮಗು ಹೇಳಿದ್ದನ್ನು ವರದಿಯಲ್ಲಿ ಬರೆಯಲೇಬೇಕಲ್ಲ, ಹೇಗೆ ಬರೆಯುವುದು ಎಂದರು. ಮಗುವಿನ ಮಾತನ್ನು ಅದರದೇ ಪದಗಳಲ್ಲಿ ಬರೆಯಿರಿ. ನಿಮ್ಮ ಪ್ರಶ್ನೆಯನ್ನೂ ಅದರ ಪಕ್ಕದಲ್ಲೇ ಬರೆಯಿರಿ, ಇಲ್ಲವಾದರೆ ಓದುವವರಿಗೆ ಉತ್ತರ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಕೋಣೆಯಲ್ಲಿ ಯಾರಿದ್ದರು ಎಂಬುದನ್ನೂ ನಮೂದಿಸಿ. ಕಡತ ಮುಚ್ಚುವ ಮುಂಚೆ ಬರೆದದ್ದನ್ನು ಮಗುವಿಗೆ ಓದಿ ಹೇಳಿ, ಅದು ಯಾವುದನ್ನಾದರೂ ಹೊಡೆದುಹಾಕು ಎಂದರೆ ಹೊಡೆದುಹಾಕಿ. ಮಗು ಅಪಾಯದಲ್ಲಿದೆ ಎನ್ನುವ ಸಂಗತಿಯಾದರೆ ಮಾತ್ರ ಹೊಡೆಯುವ ಹಾಗಿಲ್ಲ, ಅದನ್ನು ಆ ಮಗುವಿಗೇ ನೇರವಾಗಿ ಹೇಳಬೇಕು. ಅಷ್ಟಕ್ಕೆಲ್ಲ ಸಮಯವಿಲ್ಲ ಎಂದು ಅವರು ಹೇಳಿದರು. ಸಮಯವಿಲ್ಲದಿದ್ದರೆ "ಮಗುವಿನ ಅಭಿಪ್ರಾಯ" ಎಂಬ ಅಂಕಣವನ್ನು ಖಾಲಿ ಬಿಡಿ ಎಂದೆ.